ಮಿಜೋರಾಂ ಗಡಿಯ ನಿರಾಶ್ರಿತರು: ನೆರವು, ನೆಲೆ, ಕಾನೂನು – ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಆಗಿನಿಂದ ಚಿನ್ ರಾಜ್ಯದ ಜನ ಗಡಿ ದಾಟಿ ಮಿಜೋರಾಂಗೆ ಬರುತ್ತಲೇ ಇದ್ದಾರೆ. ಕರ್ನಾಟಕದಿಂದ ಹಣ ಅಥವಾ ಸಾಮಾನು ಕಳಿಸಬೇಕೆನ್ನುವವರು, ಅಲ್ಲಿಗೇ ಹೋಗಿ ಕೈಜೋಡಿಸಬೇಕೆನ್ನುವವರು, ಕಾನೂನು ಏನು ಹೇಳುತ್ತದೆಂದು ತಿಳಿಯಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಬಂದವರು ಯಾರು? ಅವರನ್ನು ನೋಡಿಕೊಳ್ಳುತ್ತಿರುವವರು ಯಾರು?

ಬಹುಪಾಲು ಚಿನ್ ಸಮುದಾಯದವರು. ಮಿಜೋ ಜನರಿಗೂ ಇವರಿಗೂ ರಕ್ತಸಂಬಂಧವಿದೆ. ಎರಡೂ ಕಡೆ ಒಂದೇ ಕುಲಗಳಿವೆ, ಹತ್ತಿರದ ಭಾಷೆಗಳಿವೆ, ಹೆಚ್ಚಿನವರು ಕ್ರೈಸ್ತರು. ಮಿಜೋರಾಂ ಮತ್ತು ಮ್ಯಾನ್ಮಾರ್ ನಡುವಿನ ಗಡಿ 510 ಕಿ.ಮೀ. ಚಂಪಾಯ್ ಜಿಲ್ಲೆಯ ಝೋಖಾವ್ತಾರ್ ಬಳಿ ತಿಯಾವ್ ನದಿಯೇ ಗಡಿ. ಬೇಸಿಗೆಯಲ್ಲಿ ಅದನ್ನು ಕಾಲ್ನಡಿಗೆಯಲ್ಲೇ ದಾಟಬಹುದು. ಮೊದಲು ಬಂದವರಲ್ಲಿ ಸೇನೆಯ ಆದೇಶ ಪಾಲಿಸಲು ಒಪ್ಪದ ಪೊಲೀಸರಿದ್ದರು. ಆಮೇಲೆ ಮುಷ್ಕರ ಹೂಡಿದ ಶಿಕ್ಷಕರು, ನರ್ಸ್‌ಗಳು ಬಂದರು. ಹಳ್ಳಿಗಳ ಮೇಲೆ ವಿಮಾನ ದಾಳಿ ಶುರುವಾದಾಗ ಇಡೀ ಕುಟುಂಬಗಳೇ ಬಂದವು. ಹೋಗಿ ಬರುವವರಿಂದ ಸಂಖ್ಯೆ ಏರಿಳಿಯುತ್ತದೆ, ಆದರೂ ವರ್ಷಗಳಿಂದ ಮೂವತ್ತು ಸಾವಿರದ ಆಚೀಚೆ ಇದೆ. ಇವರಲ್ಲದೆ 2022ರ ನವೆಂಬರ್‌ನಿಂದ ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಗಳ ಬಾಮ್ ಜನರೂ ಲಾಂಗ್‌ತ್ಲಾಯ್ ಜಿಲ್ಲೆಗೆ ಬಂದಿದ್ದಾರೆ. 2023ರ ಮೇ ನಂತರ ಮಣಿಪುರದಿಂದ ಸ್ಥಳಾಂತರಗೊಂಡ ಭಾರತೀಯ ಪ್ರಜೆಗಳೂ ಇದೇ ರಾಜ್ಯದಲ್ಲಿದ್ದಾರೆ.

ನೋಡಿಕೊಳ್ಳುತ್ತಿರುವವರು ಮುಖ್ಯವಾಗಿ ಊರವರೇ. ಗ್ರಾಮ ಕೌನ್ಸಿಲ್, ಯಂಗ್ ಮಿಜೋ ಅಸೋಸಿಯೇಷನ್ ಎಂಬ ಸಮುದಾಯ ಸಂಘದ ಸ್ಥಳೀಯ ಶಾಖೆ, ಚರ್ಚ್ – ಈ ಮೂರೂ ಇಲ್ಲದ ಊರು ಮಿಜೋರಾಂನಲ್ಲಿ ಸಿಗುವುದು ಕಷ್ಟ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಚರ್ಚಿಗೆಂದು ಎತ್ತಿಡುವ ರೂಢಿ ಅಲ್ಲಿನ ಮನೆಗಳಲ್ಲಿ ನೂರು ವರ್ಷಕ್ಕೂ ಹಳೆಯದು. ಕೊಡುವ ಈ ಅಭ್ಯಾಸ ಬೇರೂರಿದ್ದರಿಂದಲೇ ಯಾವ ದೊಡ್ಡ ಸಂಸ್ಥೆಯೂ ಇಲ್ಲದೆ ಮೊದಲ ತಿಂಗಳುಗಳು ನಡೆದವು. ಹೊರಗಿನಿಂದ ನೆರವು ನೀಡುವವರು ಈ ವ್ಯವಸ್ಥೆಯ ಒಳಗೇ ಕೆಲಸ ಮಾಡಬೇಕು. ಪಕ್ಕದಲ್ಲಿ ಬೇರೊಂದನ್ನು ಕಟ್ಟಲು ಹೋದರೆ ಎರಡೂ ಕೆಡುತ್ತವೆ.

ಭಾರತದ ಕಾನೂನಿನಲ್ಲಿ ಇವರು ‘ನಿರಾಶ್ರಿತರು’ ಹೌದೋ ಅಲ್ಲವೋ?

ಅಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯಿದೆಯೂ ನಮ್ಮಲ್ಲಿಲ್ಲ. ವೀಸಾ, ಪಾಸ್‌ಪೋರ್ಟ್ ಇಲ್ಲದೆ ಬಂದವರೆಲ್ಲ ವಿದೇಶಿಯರ ಕಾನೂನಿನಡಿ ಬರುತ್ತಾರೆ. ಮೊದಲು ಅದು 1946ರ ಕಾಯಿದೆಯಾಗಿತ್ತು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯಿದೆ, 2025 ಜಾರಿಯಲ್ಲಿದೆ. ಟಿಬೆಟನ್ನರಿಗೆ, ನಿರ್ದಿಷ್ಟ ದಿನಾಂಕದೊಳಗೆ ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ವಿನಾಯಿತಿಗಳಿವೆ. ಚಿನ್ ಜನರಿಗೆ ಅಂಥದ್ದಿಲ್ಲ.

2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಗಡಿ ರಾಜ್ಯಗಳಿಗೂ ಗಡಿ ಕಾಯುವ ಅಸ್ಸಾಂ ರೈಫಲ್ಸ್‌ಗೂ ಪತ್ರ ಬರೆಯಿತು. ಒಳಬರುವವರನ್ನು ತಡೆಯಿರಿ, ನಿರಾಶ್ರಿತರ ಸ್ಥಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲ ಎಂಬುದು ಅದರ ಸಾರ. ಎಂಟೇ ದಿನಗಳಲ್ಲಿ ಆಗಿನ ಮುಖ್ಯಮಂತ್ರಿ ಝೋರಂಥಂಗಾ ಪ್ರಧಾನಿಗೆ ಪತ್ರ ಬರೆದು, ನಮ್ಮವರ ಸಂಕಟಕ್ಕೆ ಬೆನ್ನು ತಿರುಗಿಸಲಾಗದು ಎಂದರು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಗಿ ಲಾಲ್‌ದುಹೋಮಾ ಬಂದರು. ಆಶ್ರಯದ ವಿಷಯದಲ್ಲಿ ನಿಲುವು ಬದಲಾಗಲಿಲ್ಲ. ಹೀಗಾಗಿ ಕೇಂದ್ರದ ಮಾನ್ಯತೆಯಿಲ್ಲದೆ, ರಾಜ್ಯದ ಸಮ್ಮತಿಯ ಮೇಲೆ ಈ ಜನ ಇಲ್ಲಿದ್ದಾರೆ. ಮುಂದಿನ ಉತ್ತರಗಳಲ್ಲಿ ಬರುವ ಅರ್ಧದಷ್ಟು ತೊಡಕುಗಳಿಗೆ ಮೂಲ ಇದೇ.

ಸಂವಿಧಾನದ ರಕ್ಷಣೆ ಇವರಿಗೆ ಸ್ವಲ್ಪವೂ ಇಲ್ಲವೇ?

ಇದೆ. 14 ಮತ್ತು 21ನೇ ವಿಧಿಗಳು ‘ವ್ಯಕ್ತಿ’ಗೆ ಅನ್ವಯಿಸುತ್ತವೆ, ಪ್ರಜೆಗೆ ಮಾತ್ರವಲ್ಲ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2021ರ ಮೇ 3ರಂದು ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಬಂದ ಏಳು ಜನ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಮುಂದೆ ರಕ್ಷಣೆ ಕೋರಲು ಸುರಕ್ಷಿತ ದಾರಿ ಮಾಡಿಕೊಡಬೇಕೆಂದು ಆದೇಶಿಸಿತು. ಅದಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್ 8ರಂದು, ಜಮ್ಮುವಿನ ರೋಹಿಂಗ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಡೀಪಾರಿಗೆ ತಡೆ ಕೊಡಲಿಲ್ಲ. ದೇಶದೊಳಗೆ ನೆಲೆಸುವ ಹಕ್ಕು ಪ್ರಜೆಗಳಿಗೆ ಮಾತ್ರ, ಆದರೆ ಕ್ರಮಬದ್ಧ ಪ್ರಕ್ರಿಯೆ ಇಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ ಎಂದಿತು. ಎರಡೂ ಆದೇಶಗಳನ್ನು ಒಟ್ಟಿಗೆ ಓದಬೇಕು. ಒಂದನ್ನೇ ಹಿಡಿದು ಜನರಿಗೆ ಭರವಸೆ ಕೊಡುವುದು ಅನ್ಯಾಯ.

ಇವರು ಕ್ರೈಸ್ತರಲ್ಲವೇ, ಪೌರತ್ವ ತಿದ್ದುಪಡಿ ಕಾಯಿದೆ ಅನ್ವಯಿಸುವುದಿಲ್ಲವೇ?

ಇಲ್ಲ. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ ಮಾತ್ರ. ಮ್ಯಾನ್ಮಾರ್ ಆ ಪಟ್ಟಿಯಲ್ಲಿಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಮಾಡಿಸಿಕೊಳ್ಳಬಹುದಲ್ಲ?

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಚೇರಿಗಳಿರುವುದು ದೆಹಲಿ ಮತ್ತು ಚೆನ್ನೈಯಲ್ಲಿ. ಮಿಜೋರಾಂನಲ್ಲಿ ಅದು ನೋಂದಣಿ ಮಾಡುವುದಿಲ್ಲ. ಅದಕ್ಕಾಗಿಯೇ ದೆಹಲಿಯ ವಿಕಾಸಪುರಿ, ಜನಕಪುರಿ ಸುತ್ತ ಚಿನ್ ಕುಟುಂಬಗಳು ಹಲವು ವರ್ಷಗಳಿಂದ ಬಾಡಿಗೆ ಮನೆಗಳಲ್ಲಿವೆ. ಕಾರ್ಡ್ ಸಿಕ್ಕರೆ ಬಂಧನದ ಭಯ ಸ್ವಲ್ಪ ತಗ್ಗಬಹುದು, ಆಸ್ಪತ್ರೆ ಮತ್ತು ಶಾಲೆಯಲ್ಲಿ ಮಾತಾಡಲು ಒಂದು ಆಧಾರವಾಗಬಹುದು. ಅದು ವೀಸಾ ಅಲ್ಲ, ಕೆಲಸದ ಪರವಾನಗಿಯೂ ಅಲ್ಲ. ದಾರಿಯಲ್ಲಿ ಸಿಕ್ಕಿಬೀಳುವ ಅಪಾಯ ದೊಡ್ಡದು. ಊರಿನಲ್ಲಿ ಸೂರು, ಶಾಲೆ ಸಿಕ್ಕಿರುವ ಕುಟುಂಬಕ್ಕೆ ದೆಹಲಿಗೆ ಹೋಗಿ ಎಂದು ಸಲಹೆ ಕೊಡುವ ಮೊದಲು ವಕೀಲರನ್ನು ಕೇಳಿ.

ಮಿಜೋರಾಂ ಸರ್ಕಾರ ಕೊಟ್ಟ ಗುರುತಿನ ಚೀಟಿ ಯಾವುದಕ್ಕೆ ಬರುತ್ತದೆ? ಆಧಾರ್ ಮಾಡಿಸಬಹುದೇ?

ರಾಜ್ಯ ಕೊಟ್ಟ ತಾತ್ಕಾಲಿಕ ಚೀಟಿ ಗುರುತಿಗೆ ಮಾತ್ರ. ಸರ್ಕಾರಿ ಸವಲತ್ತು ಪಡೆಯಲು ಅದು ನಡೆಯುವುದಿಲ್ಲ. 2025ರಲ್ಲಿ ಜಿಲ್ಲೆಗಳಲ್ಲಿ ಬೆರಳಚ್ಚು, ಫೋಟೊ ಸಹಿತ ಬಯೋಮೆಟ್ರಿಕ್ ದಾಖಲೆ ಶುರುವಾಯಿತು. ಇದು ಗಡೀಪಾರಿನ ಮುನ್ನುಡಿಯೇ ಎಂಬ ಹೆದರಿಕೆ ಜನರಲ್ಲಿ ಇರುವುದು ಸಹಜ. ಯಾವ ಕೊಠಡಿಯಲ್ಲಿ, ಯಾರು, ಏನೇನು ಬರೆದುಕೊಳ್ಳುತ್ತಾರೆ ಎಂಬುದನ್ನು ಹಿಂದಿನ ದಿನವೇ ಅವರ ಭಾಷೆಯಲ್ಲಿ ತಿಳಿಸಿ. ಹೆಸರಿನ ಕಾಗುಣಿತ ಎಲ್ಲ ಕಾಗದಗಳಲ್ಲೂ ಒಂದೇ ಇರುವಂತೆ ನೋಡಿಕೊಳ್ಳಿ. ಚಿನ್ ಹೆಸರುಗಳಿಗೆ ಮನೆತನದ ಹೆಸರು ಬೇರೆಯಾಗಿ ಇರುವುದಿಲ್ಲ. ಅರ್ಜಿಯ ‘ಕೊನೆಯ ಹೆಸರು’ ಕಲಂಗೆ ಒಬ್ಬ ಗುಮಾಸ್ತರು ಒಂದು ತುಂಡು, ಇನ್ನೊಬ್ಬರು ಇನ್ನೊಂದು ತುಂಡು ಹಾಕಿದರೆ ಒಂದೇ ಮನೆಯ ಅಣ್ಣತಮ್ಮಂದಿರು ಕಾಗದದ ಮೇಲೆ ಸಂಬಂಧವೇ ಇಲ್ಲದವರಾಗುತ್ತಾರೆ.

ಆಧಾರ್‌ಗೆ ವಿದೇಶಿಯರು ಮಾನ್ಯ ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಬೇಕು. ಅವಿಲ್ಲದೆ ಮಾಡಿಸಿಕೊಡುತ್ತೇನೆನ್ನುವ ದಲ್ಲಾಳಿ ಕೊಡುವುದು ನಕಲಿ. ನಕಲಿ ಆಧಾರ್ ಅಥವಾ ಮತದಾರರ ಚೀಟಿ ಸಿಕ್ಕಿದರೆ ಆಶ್ರಯ ಬೇಡಿ ಬಂದವರು ಆರೋಪಿಗಳಾಗುತ್ತಾರೆ, ಆಶ್ರಯ ಕೊಟ್ಟ ಊರಿಗೂ ಕೆಟ್ಟ ಹೆಸರು.

ಇಲ್ಲಿ ಹುಟ್ಟಿದ ಮಗುವಿಗೆ ಜನನ ಪತ್ರ ಸಿಗುತ್ತದೆಯೇ?

ಸಿಗಬೇಕು. 1969ರ ಜನನ ಮರಣ ನೋಂದಣಿ ಕಾಯಿದೆ ತಂದೆತಾಯಿಯ ಪೌರತ್ವ ಕೇಳುವುದಿಲ್ಲ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಾದ ಹೆರಿಗೆಯ ಮಾಹಿತಿಯನ್ನು ಆಸ್ಪತ್ರೆಯೇ ಕೊಡುತ್ತದೆ. ಮನೆಯಲ್ಲಾದರೆ ಕುಟುಂಬವೇ ಹೋಗಿ ಬರೆಸಬೇಕು. ತಂದೆತಾಯಿಯ ಆಧಾರ್ ಸಂಖ್ಯೆಯನ್ನು ‘ಇದ್ದರೆ’ ಮಾತ್ರ ಬರೆಯಬೇಕು ಎಂಬುದನ್ನು ಕೌಂಟರಿನಲ್ಲಿ ನೆನಪಿಸಿ.

ಈ ಪತ್ರದಿಂದ ಭಾರತದ ಪೌರತ್ವ ಬರುವುದಿಲ್ಲ. 2004ರ ಡಿಸೆಂಬರ್ 3ರಿಂದೀಚೆ ಹುಟ್ಟಿದವರಿಗೆ ತಂದೆತಾಯಿ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾದರೆ ಈ ಪತ್ರವೇಕೆ? ನಾಳೆ ಮ್ಯಾನ್ಮಾರ್‌ಗೆ ಮರಳಿದಾಗ ಈ ಮಗು ಇಂಥವರದು, ಇಂಥ ದಿನ ಹುಟ್ಟಿದ್ದು ಎನ್ನಲು ಇರುವ ಗಟ್ಟಿ ಸಾಕ್ಷಿ ಇದೊಂದೇ. ಇದಿಲ್ಲದ ಮಗು ಎರಡೂ ದೇಶಗಳಿಗೆ ಬೇಡವಾಗುವ ಸಾಧ್ಯತೆಯಿದೆ. ಶಿಬಿರದಲ್ಲಿ ಒಂದೇ ಒಂದು ಕಾಗದದ ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಒಂದೇ ರಾತ್ರಿ ಸಾವಿರಾರು ಜನ ಬಂದರೆ ಮೊದಲ ಮೂರು ದಿನ ಏನು ಮಾಡಬೇಕು?

2023ರ ನವೆಂಬರ್ 12–13ರಂದು ನದಿಯಾಚೆಯ ಸೇನಾ ನೆಲೆಗಳ ಮೇಲೆ ದಾಳಿ ನಡೆದಾಗ ಸುಮಾರು 5,000 ಜನ ಝೋಖಾವ್ತಾರ್‌ಗೆ ಬಂದರು. 2025ರ ಜುಲೈನಲ್ಲಿ ಚಿನ್ ಸಶಸ್ತ್ರ ಗುಂಪುಗಳ ನಡುವೆಯೇ ಕಾದಾಟವಾಗಿ ಮತ್ತೆ ಸಾವಿರಾರು ಜನ ದಾಟಿದರು. 5,000 ಜನರ ಲೆಕ್ಕವನ್ನೇ ಹಿಡಿದು ನೋಡಿ. ಬೆಟ್ಟದ ಊರಿಗೆ ಅದು ಏನು ಹೊರೆ ಎಂದು ಗೊತ್ತಾಗುತ್ತದೆ.

ಮಾನವೀಯ ನೆರವಿನ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು ಬೇಕು. ಅಂದರೆ ದಿನಕ್ಕೆ 75,000 ಲೀಟರ್, 5,000 ಲೀಟರಿನ ಹದಿನೈದು ಟ್ಯಾಂಕರ್. ಮೊದಲ ದಿನಗಳಲ್ಲಿ ಅರ್ಧದಿಂದ ನಡೆಸಬಹುದು. ಅದಕ್ಕಿಂತ ಕೆಳಗಿಳಿದರೆ ಜನ ಸಿಕ್ಕ ಹಳ್ಳದ ನೀರು ಕುಡಿಯುತ್ತಾರೆ, ವಾರದೊಳಗೆ ವಾಂತಿಭೇದಿ ಶುರುವಾಗುತ್ತದೆ. ಶೌಚಾಲಯ ಮೊದಲಿಗೆ 50 ಜನಕ್ಕೊಂದರಂತೆ 100, ಆಮೇಲೆ 20 ಜನಕ್ಕೊಂದರಂತೆ 250. ಚಾವಣಿಯ ಕೆಳಗೆ ಒಬ್ಬರಿಗೆ 3.5 ಚದರ ಮೀಟರ್.

ಇಷ್ಟನ್ನು ಒಂದು ಊರು ಮೂರು ದಿನದಲ್ಲಿ ಹೊಂದಿಸಲಾರದು. ಆದ್ದರಿಂದ ಕ್ರಮ ಮುಖ್ಯ. ಮೊದಲು ನೀರು ಮತ್ತು ಕ್ಲೋರಿನ್. ಜೊತೆಗೇ ಗಾಯಾಳುಗಳು ಮತ್ತು ದಿನ ತುಂಬಿದ ಗರ್ಭಿಣಿಯರನ್ನು ಬೇರ್ಪಡಿಸಿ ಚಂಪಾಯ್ ಆಸ್ಪತ್ರೆಗೆ ಕಳಿಸುವುದು. ಎರಡನೆಯದಾಗಿ ಕುಟುಂಬವಾರು ಪಟ್ಟಿ: ಮನೆಯ ಹಿರಿಯರ ಹೆಸರು, ತಲೆ ಎಷ್ಟು, ಐದು ವರ್ಷದೊಳಗಿನವರೆಷ್ಟು, ದಿನಾ ಮಾತ್ರೆ ನುಂಗುವವರಿದ್ದಾರೆಯೇ, ಒಂಟಿಯಾಗಿ ಬಂದ ಮಕ್ಕಳಿದ್ದಾರೆಯೇ. ಒಂಟಿ ಮಕ್ಕಳನ್ನು ಯಾರೋ ಸಂಬಂಧಿಕರೆಂದು ಹೇಳಿಕೊಂಡವರ ಜೊತೆ ಕಳಿಸಿಬಿಡಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ, ಯಾರ ಮನೆಯಲ್ಲಿ ಇಟ್ಟಿದ್ದೀರಿ ಎಂದು ಬರೆದಿಡಿ. ಬಿಸಿ ಅಡುಗೆ ಮೂರು ದಿನ ಸಾಮೂಹಿಕವಾಗಿ ಮಾಡಿ, ಆಮೇಲೆ ಒಣ ಪಡಿತರ ಕೊಡಿ. ತಮ್ಮ ಒಲೆ ತಾವು ಹೊತ್ತಿಸಿಕೊಂಡ ಕುಟುಂಬ ಬೇಗ ಚೇತರಿಸಿಕೊಳ್ಳುತ್ತದೆ.

ಶಾಲೆಯನ್ನು ಶಿಬಿರ ಮಾಡುವುದು ಸುಲಭ, ಬಿಡಿಸುವುದು ಕಷ್ಟ. ಸಮುದಾಯ ಭವನ, ಚರ್ಚ್ ಹಾಲ್ ಮೊದಲು ತುಂಬಲಿ.

ಬೆಟ್ಟದ ಊರಿನಲ್ಲಿ ನೀರು ಎಲ್ಲಿಂದ? ಶುದ್ಧ ಮಾಡುವುದು ಹೇಗೆ?

ಮಿಜೋ ಊರುಗಳಿರುವುದು ಬೆಟ್ಟದ ನೆತ್ತಿಯಲ್ಲಿ. ಬೋರ್‌ವೆಲ್ ಕೊರೆಸಿಬಿಡೋಣ ಎಂಬ ನಮ್ಮ ಬಯಲುಸೀಮೆಯ ಯೋಚನೆ ಅಲ್ಲಿ ಅಷ್ಟಾಗಿ ಸಲ್ಲದು. ನೀರು ಬರುವುದು ಮುಖ್ಯವಾಗಿ ತುಯ್‌ಖುರ್ ಎನ್ನುವ ಒರತೆಗಳಿಂದ ಮತ್ತು ತಗಡಿನ ಚಾವಣಿಯ ಮಳೆನೀರಿನಿಂದ. 40 ಚದರ ಮೀಟರ್ ತಗಡಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್, ಚೆಲ್ಲಿ ಹೋಗಿ ಕೈಗೆ ಸಿಗುವುದು ಸುಮಾರು 800. ಐದು ಜನರ ಕುಟುಂಬಕ್ಕೆ ಹತ್ತು ದಿನದ ನೀರು. ಒಳ್ಳೆಯ ಚಾವಣಿಯಿರುವ ಪ್ರತಿ ಶಿಬಿರಕ್ಕೂ ದೋಣಿ ಪೈಪು ಮತ್ತು 1,000 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಕೊಡಿಸುವುದು ನೀವು ಮಾಡಬಹುದಾದ ಅತ್ಯಂತ ಲಾಭದ ಖರ್ಚು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ಕವಲು ಇಡಿ. ಕಷ್ಟದ ಕಾಲ ಜನವರಿಯಿಂದ ಏಪ್ರಿಲ್. ಆಗ ಒರತೆಯ ಹನಿ ಸಣ್ಣದಾಗಿ, ಊರವರು ಮತ್ತು ಬಂದವರು ಒಂದೇ ಸಾಲಿನಲ್ಲಿ ಕಾಯಬೇಕಾಗುತ್ತದೆ. ಜಗಳ ಹುಟ್ಟುವುದು ಅಲ್ಲೇ.

ಕ್ಲೋರಿನ್ ಹಾಕುವ ಬಗೆ: ಮೊದಲು ಶೇ 1ರ ದ್ರಾವಣ ಮಾಡಿಕೊಳ್ಳಿ. ಶೇ 33 ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ ಆದರೆ ಒಂದು ಲೀಟರ್ ನೀರಿಗೆ 30 ಗ್ರಾಂ, ತೇವ ತಾಗಿ ಶಕ್ತಿ ಶೇ 25ಕ್ಕೆ ಇಳಿದಿದ್ದರೆ 40 ಗ್ರಾಂ. ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಿ. ನಾಲ್ಕು ಬಕೆಟ್‌ಗಳಲ್ಲಿ 20 ಲೀಟರಿನಂತೆ ನೀರು ತುಂಬಿ, ಕ್ರಮವಾಗಿ 2, 4, 6, 8 ಮಿ.ಲೀ. ದ್ರಾವಣ ಹಾಕಿ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷಾ ಕಿಟ್‌ನಲ್ಲಿ ನೋಡಿ. ಲೀಟರಿಗೆ 0.5 ಮಿ.ಗ್ರಾಂ ಹತ್ತಿರ ತೋರಿಸಿದ ಬಕೆಟ್ಟೇ ನಿಮ್ಮ ಅಳತೆ. ಅದು 4 ಮಿ.ಲೀ. ಆದರೆ 1,000 ಲೀಟರ್ ಟ್ಯಾಂಕಿಗೆ 200 ಮಿ.ಲೀ. ನಲ್ಲಿಯಲ್ಲಿ 0.2ಕ್ಕಿಂತ ಕಡಿಮೆ ಇಳಿಯಬಾರದು.

ಎಡವುವುದು ಎರಡು ಕಡೆ. ಮಳೆಗಾಲದ ಕೆಂಪು ನೀರಿಗೆ ಹಾಗೇ ಕ್ಲೋರಿನ್ ಹಾಕಿದರೆ ಮಣ್ಣೇ ಅದನ್ನು ತಿಂದುಹಾಕುತ್ತದೆ. ಮೊದಲು ಪಟಿಕ ಹಾಕಿ ತಿಳಿಯಾಗಿಸಬೇಕು. ಇನ್ನೊಂದು, ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಚೀಲ. ಮಿಜೋರಾಂನ ತೇವಕ್ಕೆ ಅದು ಕೆಲವೇ ವಾರಗಳಲ್ಲಿ ಬರೀ ಸುಣ್ಣವಾಗುತ್ತದೆ. ಸಣ್ಣ ಪೊಟ್ಟಣಗಳಲ್ಲಿ ತರಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಲ್ಲಿಡಿ.

ಶೌಚಾಲಯ ಎಲ್ಲಿ ಕಟ್ಟಬೇಕು?

ಒರತೆಯಿಂದ ಕನಿಷ್ಠ 30 ಮೀಟರ್ ದೂರ, ಮತ್ತು ಯಾವಾಗಲೂ ಅದರ ಕೆಳಗಿನ ಇಳಿಜಾರಿನಲ್ಲಿ. ಮನೆಯಿಂದ 50 ಮೀಟರ್ ಮೀರಬಾರದು, ಮೀರಿದರೆ ರಾತ್ರಿ ಯಾರೂ ಹೋಗುವುದಿಲ್ಲ. ಹೆಂಗಸರಿಗೆ ಮೂರಿದ್ದರೆ ಗಂಡಸರಿಗೆ ಒಂದು. ಒಳಗಿನಿಂದ ಚಿಲಕ, ದಾರಿಗೆ ಸೋಲಾರ್ ದೀಪ, ಮುಟ್ಟಿನ ಬಟ್ಟೆ ಒಗೆದು ಒಣಗಿಸಲು ಮರೆಯಿರುವ ಜಾಗ. ಈ ಮೂರರಲ್ಲಿ ಒಂದು ತಪ್ಪಿದರೂ ಹೆಂಗಸರು ಕತ್ತಲಾಗುವವರೆಗೆ ತಡೆದುಕೊಂಡು ಕಾಡಿಗೆ ಹೋಗುತ್ತಾರೆ. ಎಲ್ಲಿ ಕಟ್ಟಬೇಕೆಂದು ಗುಂಡಿ ತೋಡುವ ಮುನ್ನ ಅವರನ್ನೇ ಕರೆದುಕೊಂಡು ಹೋಗಿ ಕೇಳಿ.

ಟಾರ್ಪಾಲ್ ಸಾಕೇ, ಮನೆಯೇ ಕಟ್ಟಬೇಕೇ?

ಟಾರ್ಪಾಲ್ ಒಂದು ಮಳೆಗಾಲದ ಮಾತು. 4×6 ಮೀಟರಿನ ಹಾಳೆ 24 ಚದರ ಮೀಟರ್ ಅನ್ನಿಸಿದರೂ, ಇಳಿಜಾರು ಕೊಟ್ಟು ಕಟ್ಟಿದಾಗ ಅದರ ಕೆಳಗೆ ಸಿಗುವ ನೆಲ ಅದಕ್ಕಿಂತ ಕಡಿಮೆ. ಐದು ಜನರ ಕುಟುಂಬಕ್ಕೆ ಎರಡು ಹಾಳೆ ಕೊಡಿ. ಗೂಟಕ್ಕೆ ಕಟ್ಟುವ ಹಗ್ಗ 30 ಮೀಟರಾದರೂ ಜೊತೆಗಿರಲಿ. ಹಗ್ಗವಿಲ್ಲದ ಟಾರ್ಪಾಲ್ ಏಪ್ರಿಲ್‌ನ ಬಿರುಗಾಳಿಗೆ ಹಾರಿಹೋಗುತ್ತದೆ.

ಉಳಿಯುವವರಿಗೆ ಬೇಕಾದದ್ದು ಮಿಜೋ ಮಾದರಿಯ ಮನೆ: ಕಂಬಗಳ ಮೇಲೆ ಎತ್ತರಿಸಿದ ನೆಲ, ಬಿದಿರು ತಟ್ಟಿಯ ಗೋಡೆ, ತಗಡಿನ ಚಾವಣಿ. ಬಿದಿರನ್ನು ಚಳಿಗಾಲದಲ್ಲಿ ಕಡಿದರೆ ಹುಳು ಕಡಿಮೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿದರೆ ವರ್ಷಗಳ ಬಾಳಿಕೆ ಬರುತ್ತದೆ. ಜಾಗ ಮಾಡಲು ಬೆಟ್ಟವನ್ನು ನೇರವಾಗಿ ಕಡಿಯಬೇಡಿ. ಕಡಿದ ಗೋಡೆಗೆ ತಡೆಯಿಲ್ಲದಿದ್ದರೆ ಜುಲೈ ಮಳೆಗೆ ಅದೇ ಮನೆಯ ಮೇಲೆ ಕುಸಿಯುತ್ತದೆ. ಮೇಲುಭಾಗದಲ್ಲಿ ನೀರು ತಿರುಗಿಸುವ ಕಾಲುವೆ ಮೊದಲು ತೋಡಿ, ಮನೆ ಆಮೇಲೆ. ಚಂಪಾಯ್ ಪಟ್ಟಣ 1,600 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್ ಚಳಿ ಮಡಿಕೇರಿಗಿಂತ ಜೋರು. ತಲೆಗೊಂದು ಕಂಬಳಿ ಬೇಕೇ ಬೇಕು.

ಪಡಿತರದ ಲೆಕ್ಕ ಹೇಗೆ?

ಗುರಿ ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ. ಅಕ್ಕಿ 400 ಗ್ರಾಂ, ಬೇಳೆ 60 ಗ್ರಾಂ, ಎಣ್ಣೆ 25 ಗ್ರಾಂ, ಅಯೋಡಿನ್ ಉಪ್ಪು 5 ಗ್ರಾಂ. ನೂರು ಕುಟುಂಬಗಳ, ಅಂದರೆ 500 ಜನರ ಶಿಬಿರಕ್ಕೆ ತಿಂಗಳಿಗೆ 6 ಟನ್ ಅಕ್ಕಿ, 900 ಕಿಲೊ ಬೇಳೆ, 375 ಕಿಲೊ ಎಣ್ಣೆ, 75 ಕಿಲೊ ಉಪ್ಪು. ಇಷ್ಟರಿಂದ ಸುಮಾರು 1,850 ಕಿಲೊಕ್ಯಾಲರಿ ಬರುತ್ತದೆ. ಉಳಿದದ್ದಕ್ಕೆ ಸೋಯಾ ಚಂಕ್ಸ್, ಮೊಟ್ಟೆ, ಸೊಪ್ಪು ಹೊಂದಿಸಬೇಕು. ಅಕ್ಕಿಯೊಂದನ್ನೇ ಕೊಟ್ಟರೆ ಜನ ಅದರಲ್ಲೇ ಸ್ವಲ್ಪ ಮಾರಿ ಎಣ್ಣೆ, ಉಪ್ಪು, ಸೋಪು ಕೊಳ್ಳುತ್ತಾರೆ. ಅದನ್ನು ಮೋಸವೆಂದು ಬರೆದುಕೊಳ್ಳಬೇಡಿ, ಪಟ್ಟಿ ಅಪೂರ್ಣವಾಗಿದೆ ಎಂದು ತಿಳಿಯಿರಿ. ಸೋಪು ತಲೆಗೆ ತಿಂಗಳಿಗೆ ಮೈಗೆ 250 ಗ್ರಾಂ, ಬಟ್ಟೆಗೆ 200 ಗ್ರಾಂ.

ಮೇ ತಿಂಗಳೊಳಗೆ ಮೂರು ತಿಂಗಳ ದಾಸ್ತಾನು ಇರಲಿ. ರಾಜ್ಯದೊಳಗೆ ಬರುವ ಸರಕಿನ ಬಹುಪಾಲು ಅಸ್ಸಾಂನ ಸಿಲ್ಚಾರ್ ಕಡೆಯಿಂದ ವೈರೆಂಗ್ತೆ ದಾಟುವ ರಸ್ತೆಯಲ್ಲಿ. ಭೂಕುಸಿತಕ್ಕೆ ಅದು ಮುಚ್ಚುತ್ತದೆ. 2021ರ ಜುಲೈ 26ರ ಅಸ್ಸಾಂ–ಮಿಜೋರಾಂ ಗಡಿ ಘರ್ಷಣೆಯ ನಂತರ ಲಾರಿಗಳು ದಿನಗಟ್ಟಲೆ ನಿಂತಿದ್ದವು.

ಆರೋಗ್ಯದಲ್ಲಿ ಮೊದಲು ನೋಡಬೇಕಾದದ್ದು ಏನು?

ಆರು ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೆ ದಡಾರ ಲಸಿಕೆ. ಹಿಂದೆ ಹಾಕಿಸಿದ ಕಾರ್ಡ್ ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ತಿಳಿಯಿರಿ. 6ರಿಂದ 59 ತಿಂಗಳ ಮಕ್ಕಳ ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಅದೇ ದಿನ ಆಸ್ಪತ್ರೆಗೆ.

ಜ್ವರ ಎಂದೊಡನೆ ಮಲೇರಿಯಾ ಪರೀಕ್ಷೆ. ಮಿಜೋರಾಂ ದೇಶದಲ್ಲೇ ಮಲೇರಿಯಾ ಹೆಚ್ಚಿರುವ ರಾಜ್ಯಗಳಲ್ಲಿ ಒಂದು. ಈಶಾನ್ಯದಲ್ಲಿ ಫಾಲ್ಸಿಪಾರಂ ಮಲೇರಿಯಾಗೆ ಕೊಡುವ ಔಷಧ ಆರ್ಟಿಮೆಥರ್–ಲುಮೆಫಾಂಟ್ರಿನ್, ದೇಶದ ಬೇರೆಡೆ ಕೊಡುವ ಜೋಡಿ ಔಷಧ ಅಲ್ಲ. ಕರ್ನಾಟಕದಿಂದ ಔಷಧ ಪೆಟ್ಟಿಗೆ ಹೊತ್ತು ಹೋಗುವವರು ಇದನ್ನು ಗಮನಿಸಿ. ಮೂರು ದಿನದ ಆರು ಡೋಸ್ ಪೂರ್ತಿ ನುಂಗಿಸಬೇಕು. ಎರಡನೇ ದಿನ ಜ್ವರ ಬಿಟ್ಟಾಗ ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವುದು ಎಲ್ಲ ಶಿಬಿರಗಳಲ್ಲೂ ಕಾಣುವ ರೂಢಿ. ಪರೀಕ್ಷೆ ನೆಗೆಟಿವ್ ಬಂದೂ ಜ್ವರ ಇಳಿಯದಿದ್ದರೆ ಸ್ಕ್ರಬ್ ಟೈಫಸ್ (ಸಣ್ಣ ನುಸಿಯ ಕಡಿತದಿಂದ ಬರುವ ಜ್ವರ) ಅನುಮಾನಿಸಿ. ಕಂಕುಳು, ತೊಡೆಸಂದು, ಸೊಂಟದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಕಟ್ಟಿದ ಹುಣ್ಣು ಇದೆಯೇ ಎಂದು ಹುಡುಕಿ.

ಕ್ಷಯ, ಎಚ್‌ಐವಿ, ಬಿಪಿ, ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವವರು ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ಎಲ್ಲರೆದುರು ಕೇಳಬೇಡಿ. ಖಾಲಿ ಮಾತ್ರೆ ಹಾಳೆಯನ್ನಾದರೂ ತಂದಿದ್ದಾರೆಯೇ ನೋಡಿ, ಅದರಿಂದ ಚಿಕಿತ್ಸೆ ಮುಂದುವರಿಸಬಹುದು.

ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

ಸೇರಿಸಿಕೊಳ್ಳುತ್ತಾರೆ. ಇಡೀ ಕಥೆಯಲ್ಲಿ ಅತ್ಯಂತ ಸಮಾಧಾನ ಕೊಡುವ ಸಂಗತಿ ಇದು. 2021ರ ಆಗಸ್ಟ್ ಕೊನೆಯಲ್ಲಿ ಮಿಜೋರಾಂ ಶಾಲಾ ಶಿಕ್ಷಣ ಇಲಾಖೆ, 6ರಿಂದ 14 ವರ್ಷದ ವಲಸೆ ಮತ್ತು ನಿರಾಶ್ರಿತ ಮಕ್ಕಳನ್ನು ಸೇರಿಸಿಕೊಳ್ಳುವಂತೆ ಜಿಲ್ಲಾ ಅಧಿಕಾರಿಗಳಿಗೆ ಪತ್ರ ಬರೆಯಿತು. ಆಧಾರ ಶಿಕ್ಷಣ ಹಕ್ಕು ಕಾಯಿದೆ. ಅದರ 4ನೇ ಕಲಂ ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. 14ನೇ ಕಲಂ ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ಸೇರಿದ ಮಗುವಿಗೆ ಬಿಸಿಯೂಟವೂ ಸಿಗುತ್ತದೆ.

ತೊಡಕು ತರಗತಿಯೊಳಗೆ. ಚಿನ್ ರಾಜ್ಯದ ಫಾಲಂ ಕಡೆಯ ಮಗು ಮಿಜೋ ಭಾಷೆಯನ್ನು ಬೇಗ ಹಿಡಿಯುತ್ತದೆ, ಹಾಖಾ ಅಥವಾ ಮತುಪಿಯ ಮಗುವಿಗೆ ಅದು ಹೊಸ ಭಾಷೆಯೇ. ಮ್ಯಾನ್ಮಾರ್‌ನಲ್ಲಿ ಬರ್ಮಿ ಲಿಪಿಯಲ್ಲಿ ಪಾಠ ಓದಿದ ಹತ್ತು ವರ್ಷದ ಮಗುವನ್ನು ಒಂದನೇ ತರಗತಿಗೆ ಕೂರಿಸಿದರೆ ತಿಂಗಳೊಳಗೆ ನಾಚಿಕೆಯಿಂದ ಶಾಲೆ ಬಿಡುತ್ತದೆ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಸಂಜೆ ಒಂದೂವರೆ ಗಂಟೆ ಮಿಜೋ ಮತ್ತು ಇಂಗ್ಲಿಷ್ ಪಾಠ ಮಾಡಿ. ಅದಕ್ಕೆ ಶಿಕ್ಷಕರನ್ನು ದೂರದಿಂದ ತರಬೇಕಿಲ್ಲ, ಶಿಬಿರದಲ್ಲೇ ಸೇನೆಯ ವಿರುದ್ಧ ಮುಷ್ಕರ ಮಾಡಿ ಕೆಲಸ ಕಳೆದುಕೊಂಡ ಶಿಕ್ಷಕರಿದ್ದಾರೆ. ಅವರಿಗೆ ಗೌರವಧನ ಕೊಡುವುದು ಕಟ್ಟಡ ಕಟ್ಟಿಸುವುದಕ್ಕಿಂತ ಒಳ್ಳೆಯ ದಾನ. ಎಂಟನೇ ತರಗತಿ ದಾಟಿದ ಮೇಲೆ ಕಾಯಿದೆಯ ಆಸರೆ ಮುಗಿಯುತ್ತದೆ. ಹತ್ತನೇ ತರಗತಿಯ ಮಂಡಳಿ ಪರೀಕ್ಷೆಯ ನೋಂದಣಿಗೆ ಏನೇನು ದಾಖಲೆ ಬೇಕೆಂದು ಮುಖ್ಯ ಶಿಕ್ಷಕರಲ್ಲಿ ಒಂದು ವರ್ಷ ಮೊದಲೇ ವಿಚಾರಿಸಿ.

ಕೆಲಸ ಮಾಡಬಹುದೇ? ಊರವರ ಅಸಮಾಧಾನ ನಿಜವೇ?

ಕೆಲಸದ ಪರವಾನಗಿ ಇಲ್ಲ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇಲ್ಲ, ಜಮೀನು ಕೊಳ್ಳುವಂತಿಲ್ಲ. ಆದರೂ ಹೊಟ್ಟೆ ಕೇಳುತ್ತದೆ. ಕುಮರಿ ಬೇಸಾಯದ ಹೊಲ, ಶುಂಠಿ ತೋಟ, ರಸ್ತೆ ಮತ್ತು ಮನೆ ಕಟ್ಟುವ ಕೆಲಸಗಳಿಗೆ ಕೂಲಿಗೆ ಹೋಗುತ್ತಾರೆ. ಹೆಂಗಸರು ಸೊಂಟಕ್ಕೆ ಕಟ್ಟುವ ಮಗ್ಗದಲ್ಲಿ ನೇಯುತ್ತಾರೆ. ಇದಕ್ಕೆ ಬೇಕಾದ ಬಂಡವಾಳ ನೂಲು ಮಾತ್ರ, ಮಗ್ಗ ಸುತ್ತಿ ಹೆಗಲಿಗೇರಿಸಿಕೊಂಡು ಹೋಗಬಹುದು. ನೂಲು ಕೊಟ್ಟು ಬಟ್ಟೆ ಕೊಳ್ಳುವ, ರಾಜಧಾನಿ ಐಜಾಲ್‌ನ ಅಂಗಡಿಯನ್ನು ಗೊತ್ತು ಮಾಡಿಕೊಟ್ಟರೆ ಸಾಕು. ಮಾರುಕಟ್ಟೆ ಗೊತ್ತು ಮಾಡದೆ ‘ಕೌಶಲ ತರಬೇತಿ’ ಕೊಡಬೇಡಿ.

ಅಸಮಾಧಾನ ನಿಜ, ಅದಕ್ಕೆ ಕಾರಣಗಳೂ ಇವೆ. ಕಡಿಮೆ ಕೂಲಿಗೆ ಬರುವವರಿರುವಾಗ ಊರಿನ ಬಡವರ ಕೂಲಿ ಇಳಿಯುತ್ತದೆ. ಒರತೆ, ಸೌದೆ ಹಂಚಿಕೊಳ್ಳಬೇಕು. ಗಡಿಯಲ್ಲಿ ಮಾದಕವಸ್ತು ಮತ್ತು ಅಡಿಕೆ ಕಳ್ಳಸಾಗಣೆ ಮೊದಲಿನಿಂದಲೂ ಇದೆ. ಒಬ್ಬ ಸಿಕ್ಕಿಬಿದ್ದರೆ ಶಿಬಿರಕ್ಕೆಲ್ಲ ಮಸಿ. ಇದನ್ನು ಮಾನವೀಯತೆಯ ಭಾಷಣದಿಂದ ಕರಗಿಸಲಾಗದು. ಕೆಲಸಕ್ಕೆ ಬರುವ ಉಪಾಯಗಳು ಸರಳ: ಇಬ್ಬರಿಗೂ ಒಂದೇ ಕೂಲಿ ಎಂದು ಗ್ರಾಮ ಕೌನ್ಸಿಲ್‌ನಲ್ಲಿ ಗೊತ್ತು ಮಾಡಿಸಿ, ಶಿಬಿರಕ್ಕೆ ಟ್ಯಾಂಕ್ ಕೊಡಿಸುವಾಗ ಊರ ಒರತೆಯನ್ನೂ ದುರಸ್ತಿ ಮಾಡಿಸಿ, ಪಡಿತರ ಹಂಚುವ ದಿನ ಊರಿನ ವಿಧವೆಯರು, ಅಂಗವಿಕಲರ ಹೆಸರೂ ಪಟ್ಟಿಯಲ್ಲಿರಲಿ. ಉಗಾಂಡಾದಲ್ಲಿ ನಿರಾಶ್ರಿತರಿಗೆಂದು ಬರುವ ನೆರವಿನಲ್ಲಿ ಶೇ 30ರಷ್ಟು ಸುತ್ತಲಿನ ಊರುಗಳಿಗೂ ಹೋಗಬೇಕೆಂಬ ಪದ್ಧತಿಯಿದೆ. ಮಿಜೋರಾಂಗೆ ಕಳಿಸುವ ಪ್ರತಿ ಯೋಜನೆಯಲ್ಲೂ ಆ ಪಾಲು ಮೊದಲೇ ಬರೆದಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಬಂದವರನ್ನು ಹೊತ್ತಿರುವುದು ಶ್ರೀಮಂತ ಊರುಗಳಲ್ಲ.

ಬೈಲಕುಪ್ಪೆಯಂಥ ವಸತಿ ನೆಲೆ ಇವರಿಗೂ ಮಾಡಿಕೊಡಬಹುದಲ್ಲ?

ಕನ್ನಡಿಗರು ಸಹಜವಾಗಿ ಕೇಳುವ ಪ್ರಶ್ನೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡು, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ಟಿಬೆಟನ್ನರು ನೆಲೆ ನಿಂತರು. ಅಲ್ಲಿ ಮೂರು ಸಂಗತಿ ಕೂಡಿಬಂದಿದ್ದವು: ಕೇಂದ್ರದ ಮಾನ್ಯತೆ ಮತ್ತು ನೋಂದಣಿ ಪತ್ರ, ರಾಜ್ಯ ಕೊಟ್ಟ ಭೂಮಿ, ಮೆಕ್ಕೆಜೋಳ ಬೆಳೆದು ಮಾರಲು ಸಹಕಾರ ಸಂಘ. ಮಿಜೋರಾಂನಲ್ಲಿ ಮೊದಲನೆಯದೇ ಇಲ್ಲ. ಬಂದವರಿಗೂ ಗಡಿಯಿಂದ ದೂರ ಹೋಗುವ ಮನಸ್ಸಿಲ್ಲ. ಹೊಲ, ಮನೆ, ಹೆತ್ತವರು ನದಿಯಾಚೆ ಇದ್ದಾರೆ. ಗುಂಡಿನ ಸದ್ದು ನಿಂತ ವಾರ ಹೋಗಿ ಬಿತ್ತಿ ಬರುವವರಿದ್ದಾರೆ. ಗಡಿಯ ಎರಡೂ ಕಡೆ 16 ಕಿ.ಮೀ. ವೀಸಾ ಇಲ್ಲದೆ ಓಡಾಡಲು ಮೊದಲು ಅವಕಾಶವಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಪಾಸ್ ಸಹಿತ 10 ಕಿ.ಮೀ.ಗೆ ಇಳಿಸಲಾಯಿತು. ಬೈಲಕುಪ್ಪೆಯಿಂದ ಕಲಿಯಬೇಕಾದದ್ದು ಕಾಗದದ ಬಲ. ಪ್ರತಿ ವ್ಯಕ್ತಿಗೂ ಕೇಂದ್ರ ಮಾನ್ಯ ಮಾಡಿದ ನೋಂದಣಿ ಪತ್ರವಿದ್ದರೆ ಶಾಲೆ, ಕೂಲಿ, ಚಿಕಿತ್ಸೆ ಮೂರೂ ಹಾದಿ ಹಿಡಿಯುತ್ತವೆ.

ಕರ್ನಾಟಕದಿಂದ ಏನು ಕಳಿಸಬೇಕು?

ಹಣ. ಹಳೆ ಬಟ್ಟೆಯ ಲಾರಿ ಬೆಂಗಳೂರಿನಿಂದ ಚಂಪಾಯ್ ತಲುಪಲು ಆಗುವ ಬಾಡಿಗೆಯಲ್ಲಿ ಐಜಾಲ್‌ನಲ್ಲೇ ಹೊಸ ಕಂಬಳಿ ಕೊಳ್ಳಬಹುದು, ಅಲ್ಲಿನ ಅಂಗಡಿಗೂ ವ್ಯಾಪಾರ. ಸೀರೆ, ತೆಳು ಹತ್ತಿ ಬಟ್ಟೆ, ಅವಧಿ ಮುಗಿಯುತ್ತಿರುವ ಔಷಧ, ಹಾಲಿನ ಪುಡಿ ಬೇಡವೇ ಬೇಡ. ಶುದ್ಧವಲ್ಲದ ನೀರಿನಲ್ಲಿ ಕಲಸಿದ ಹಾಲಿನ ಪುಡಿ ಎದೆಹಾಲು ಕುಡಿಯುವ ಕೂಸಿಗೆ ಭೇದಿ ತರುತ್ತದೆ.

ಕೊಡುವ ಮುನ್ನ ಸಂಸ್ಥೆಯ ನೋಂದಣಿ ಮತ್ತು ಲೆಕ್ಕಪತ್ರ ಕೇಳಿ. ₹2,000 ಮೀರಿದ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗದು, ಬ್ಯಾಂಕ್ ಮೂಲಕವೇ ಕೊಡಿ. ಹೊರದೇಶದ ಕನ್ನಡಿಗರಿಗೆ ಒಂದು ಮಾತು: ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ವಿದೇಶಿ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಇರುವ ಸಂಸ್ಥೆಯ ದೆಹಲಿ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ಸಂಸ್ಥೆಯೊಂದು ವಿದೇಶಿ ಹಣ ಪಡೆದು ಚಂಪಾಯ್‌ನ ಸಂಘಕ್ಕೆ ಕಳಿಸುತ್ತೇವೆ ಎಂದರೆ ಅಲ್ಲೇ ನಿಲ್ಲಿಸಿ.

ಅಲ್ಲಿಗೆ ಹೋಗಿ ಕೆಲಸ ಮಾಡಲು ಏನು ಬೇಕು?

ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಎಂಬ ರಾಜ್ಯ ಪ್ರವೇಶದ ಪರವಾನಗಿ ಬೇಕು. ತಾತ್ಕಾಲಿಕ ಪರ್ಮಿಟ್ 15 ದಿನಕ್ಕೆ, ಲೆಂಗ್‌ಪುಯ್ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಹೆಚ್ಚು ಕಾಲ ಇರುವವರು ಸ್ಥಳೀಯ ಪ್ರಾಯೋಜಕರ ಮೂಲಕ ನಿಯಮಿತ ಪರ್ಮಿಟ್ ಮಾಡಿಸಬೇಕು. ವಿದೇಶಿ ಪಾಸ್‌ಪೋರ್ಟ್ ಮತ್ತು ಓಸಿಐನವರಿಗೆ 2024ರ ಡಿಸೆಂಬರ್‌ನಿಂದ ಮತ್ತೆ ಸಂರಕ್ಷಿತ ಪ್ರದೇಶದ ಪರವಾನಗಿ ಕಡ್ಡಾಯ. 2025ರ ಸೆಪ್ಟೆಂಬರ್‌ನಿಂದ ಐಜಾಲ್ ಸಮೀಪದ ಸೈರಾಂಗ್‌ವರೆಗೆ ರೈಲು ಇದೆ. ಅಲ್ಲಿಂದ ಚಂಪಾಯ್‌ಗೆ ಸುಮೊದಲ್ಲಿ ಇಡೀ ದಿನದ ದಾರಿ. ಭಾನುವಾರ ಅಂಗಡಿ, ವಾಹನ ಯಾವುದೂ ಇರುವುದಿಲ್ಲ. ಎರಡು ತಿಂಗಳಿಗಿಂತ ಕಡಿಮೆ ಇರುವವರು ನರ್ಸ್, ಪ್ಲಂಬರ್, ವಕೀಲರಂಥ ಕಸುಬಿನವರಾಗಿದ್ದರೆ ಮಾತ್ರ ಹೋಗಿ. ತಿಯಾವ್ ದಾಟಿ ಆಚೆ ದಡಕ್ಕೆ ಕಾಲಿಡಬೇಡಿ.

ಫೋಟೊ ತೆಗೆದು ಹಾಕಬಹುದೇ? ದಾನಿಗಳು ಕೇಳುತ್ತಾರಲ್ಲ?

ಮುಖ ಕಾಣುವ ಫೋಟೊ ಬೇಡ. ಮುಷ್ಕರಕ್ಕಿಳಿದ ಶಿಕ್ಷಕಿಯ ಮುಖ ಫೇಸ್‌ಬುಕ್‌ನಲ್ಲಿ ಕಂಡರೆ ಆಚೆ ಉಳಿದ ಅವರ ತಂದೆತಾಯಿಯ ಮನೆಗೆ ಸೈನಿಕರು ಬರಬಹುದು. ಟ್ಯಾಂಕ್, ಶೌಚಾಲಯ, ಅಕ್ಕಿ ಮೂಟೆಯ ಫೋಟೊ ತೆಗೆಯಿರಿ, ಹಿಂದಿನ ಬೆಟ್ಟ, ಊರಿನ ಫಲಕ ಕಾಣದಂತೆ. ಫೋನಿನಲ್ಲಿ ಸ್ಥಳ ದಾಖಲಾಗುವುದನ್ನು ಆಫ್ ಮಾಡಿ. ಕುಟುಂಬದ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ದಾನಿಗೆ ಬಿಲ್ಲು ಮತ್ತು ಗ್ರಾಮ ಕೌನ್ಸಿಲ್ ಸಹಿಯ ರಸೀದಿ ಕೊಡಿ, ಅದು ಫೋಟೊಗಿಂತ ಗಟ್ಟಿ ಲೆಕ್ಕ.